ಗಾಡಿ ಯಾವ ದೇಶದ್ದು? ಕೇಳಬೇಕಾದ ಪ್ರಶ್ನೆ ಅದಲ್ಲ!

ರಾಯಚೂರು: “ಇದು ಜಪಾನ್ ಗಾಡಿ ಏನ್ರಿ?”

ಹಳೇ ಕಾರು ಮಾರುವ ಜಾಗದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ದಲಾಲಿಯ ಉತ್ತರವೂ ಬಾಯಿಪಾಠ. “ಏನ್ ಕೇಳ್ತೀರಿ ಸಾವ್ಕಾರ್ರೆ! ಇಂಜಿನ್ ಪಕ್ಕಾ ಜಪಾನ್ ಐತ್ರಿ. ಹತ್ತು ವರ್ಷ ಬಾನೆಟ್ ಎತ್ತಂಗಿಲ್ಲ ನೋಡ್ರಿ!” ಅಲ್ಲಿಗೆ ಗಿರಾಕಿಯ ಮುಖ ಅರಳಿತು. ಚೌಕಾಸಿ ಅರ್ಧಕ್ಕೇ ಮುಗಿಯಿತು. ಗಾಡಿಯ ಬೆಲೆ ಮಾತ್ರ ಇಳಿಯಲಿಲ್ಲ.

ಮಜಾ ಏನೆಂದರೆ, ಕೆ.ಎ.-36 ನಂಬರಿನ ಆ ಬಿಳಿ ಇನ್ನೋವಾ ಜಪಾನಿನ ಮುಖ ನೋಡಿದ್ದೇ ಇಲ್ಲ. ಅದು ತಯಾರಾದದ್ದು ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ. ಬೆಂಗಳೂರು-ಮೈಸೂರು ರಸ್ತೆಯ ನಮ್ಮ ಬಿಡದಿಯಲ್ಲಿ!

ಇದು ಬರೀ ನಗೆಯ ಸಂಗತಿಯಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇಲ್ಲಿ ದುಡ್ಡಿದೆ. ದುಡ್ಡಿಗಿಂತ ಹೆಚ್ಚಾಗಿ ಜೀವವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದ ಮಾನ್ವಿಯ ರೈತ, ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ನಾಲ್ಕು ಕಾಸು ಕಂಡ ದೇವದುರ್ಗದ ಮನೆತನ, ರಾಯಚೂರು ಗಂಜಿನ ಅಡತಿ ಅಂಗಡಿಯ ಗುಮಾಸ್ತ, ಇಂಥವರು ಮೊದಲ ಕಾರು ಕೊಳ್ಳುವುದು ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ. ಮೇಲಿಷ್ಟು ಫೈನಾನ್ಸ್ ಸಾಲ ಬೇರೆ. ಅಷ್ಟೂ ಹಣ ‘ಜಪಾನ್’, ‘ಜರ್ಮನ್’, ‘ಕೊರಿಯಾ’ ಎಂಬ ಒಂದೇ ಶಬ್ದ ನಂಬಿ ಕೈ ಬದಲಾಯಿಸಿದರೆ ಗತಿಯೇನು?

ಯಾವ ಗಾಡಿ ಯಾವ ಊರಿನದು?

ಮೊದಲು ಊರಿನ ಲೆಕ್ಕ ನೋಡಿ.

ಜಪಾನಿನ ಟೊಯೊಟಾ ಕಂಪನಿ ಕಿರ್ಲೋಸ್ಕರ್ ಜೊತೆ ಸೇರಿ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿ, 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ತಯಾರಿಸಲು ಶುರುಮಾಡಿತು. 2005ರಲ್ಲಿ ಇನ್ನೋವಾ ಬಂತು. ಮಂತ್ರಾಲಯಕ್ಕೆ, ತಿರುಪತಿಗೆ, ಹೈದರಾಬಾದಿನ ಆಸ್ಪತ್ರೆಗೆ ನಮ್ಮ ಜನರನ್ನು ಹೊತ್ತು ತಿರುಗಿದ ಗಾಡಿಗಳು ಇವೇ. ಆ ‘ಜಪಾನಿ’ ಕ್ವಾಲಿಸ್‌ನ ಮೂಲವಾದರೂ ಏನು? ಇಂಡೊನೇಷ್ಯಾದ ಜನರಿಗೆಂದು ರೂಪಿಸಿದ ‘ಕಿಜಾಂಗ್’ ಎಂಬ ಗಾಡಿ! ಬಿಡದಿಯ ಬಳಗದಲ್ಲಿ ತಯಾರಾದ ಗೇರ್‌ಬಾಕ್ಸುಗಳು ಹೊರದೇಶದ ಟೊಯೊಟಾ ಗಾಡಿಗಳಿಗೂ ಹೋಗಿ ಕೂತಿವೆ.

ಕೊರಿಯಾದ ಹ್ಯುಂಡೈ 1998ರಲ್ಲಿ ಸ್ಯಾಂಟ್ರೋ ಕಾರನ್ನು ಹೊರತಂದದ್ದು ತಮಿಳುನಾಡಿನ ಶ್ರೀಪೆರುಂಬುದೂರಿನಿಂದ. ಕಿಯಾ ಸೆಲ್ಟೋಸ್ 2019ರಲ್ಲಿ ಹೊರಬಂದದ್ದು ಇನ್ನೂ ಹತ್ತಿರದ ಪೆನುಕೊಂಡದಿಂದ. ಬಳ್ಳಾರಿ, ಅನಂತಪುರ ದಾಟಿದರೆ ಸಿಗುವ ಊರು ಅದು. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡಿದ್ದ ಪೆನುಕೊಂಡವೇ ಇದು. ದೊಡ್ಡವರ ಮರ್ಸಿಡಿಸ್ ಬೆಂಜ್ ಕೂಡ 1995ರಿಂದ ಪುಣೆಯಲ್ಲಿ, ಬಿ.ಎಂ.ಡಬ್ಲ್ಯು. 2007ರಿಂದ ಚೆನ್ನೈ ಹತ್ತಿರ ಜೋಡಣೆಯಾಗುತ್ತಾ ಬಂದಿವೆ. ಇಡೀ ಕಾರನ್ನು ಹಡಗಿನಲ್ಲಿ ತಂದರೆ ಸುಂಕ ಜಾಸ್ತಿ. ಬಿಡಿಭಾಗ ತಂದು ಇಲ್ಲೇ ಜೋಡಿಸಿದರೆ ಸುಂಕ ಕಡಿಮೆ. ಒಳಗುಟ್ಟು ಇಷ್ಟೇ.

ಇನ್ನೊಂದು ಸೋಜಿಗ ಕೇಳಿ. ಟೊಯೊಟಾ 2019ರಲ್ಲಿ ‘ಗ್ಲಾನ್ಜಾ’ ಎಂಬ ಕಾರು ಬಿಟ್ಟಿತು. ಅದು ಮಾರುತಿಯ ಬಲೆನೋ ಕಾರೇ. ತಯಾರಾದದ್ದು ಗುಜರಾತಿನಲ್ಲಿ, ಸುಜುಕಿಯ ಕಾರ್ಖಾನೆಯಲ್ಲಿ. ಬದಲಾದದ್ದು ಮುಖದ ಜಾಲರಿ, ಹೆಸರು, ವಾರಂಟಿಯ ಕಾಗದ. 2022ರಲ್ಲಿ ಲೆಕ್ಕ ಉಲ್ಟಾ ಆಯಿತು. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾದ ಹೈರೈಡರ್ ಎರಡೂ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ ತಯಾರಾಗತೊಡಗಿದವು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಎರಡು ಕೂಸು, ಎರಡು ಮನೆಗೆ ದತ್ತು ಹೋದ ಹಾಗೆ!

ಈಗ ಹೇಳಿ, “ಮಾರುತಿ ಬ್ಯಾಡ, ಟೊಯೊಟಾನೇ ಇರ್ಲಿ, ಅದು ಜಪಾನ್” ಎನ್ನುವವರಿಗೆ ಏನನ್ನೋಣ? ಸುಜುಕಿಯೂ ಜಪಾನಿನದೇ ಅಲ್ಲವೇ!

ಹಿರಿಯರು ಸುಮ್ಮನೆ ನಂಬಲಿಲ್ಲ

ಹಾಗಂತ ಜನರನ್ನು ದಡ್ಡರು ಎನ್ನುವುದು ಸುಲಭ, ಆದರೆ ಅದು ನ್ಯಾಯವಲ್ಲ. ಈ ನಂಬಿಕೆಗೆ ಕಾರಣವಿದೆ.

ರಾಯಚೂರು ಸೀಮೆ ನಿಜಾಮನ ಆಡಳಿತದಲ್ಲಿದ್ದ ಕಾಲ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯವರು 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿದರು. ಆ ಕಾಲದ ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ನೆನಪಿಗಾಗಿ ಕಾಪಾಡಿಕೊಂಡು ಬಂದಿದ್ದಾರೆ. ಒಳ್ಳೆ ಯಂತ್ರ ಎಂದರೆ ‘ವಿಲಾಯ್ತಿ’ ಎಂಬ ಮಾತು ನಮ್ಮ ಕಡೆ ಬೇರುಬಿಟ್ಟದ್ದು ಇಂಥ ದಿನಗಳಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಪೇಟೆಯಲ್ಲಿ ಮುಖ್ಯವಾಗಿ ಕಂಡವು ಎರಡೇ ಕಾರು. ಒಂದು, ಬಂಗಾಳದ ಉತ್ತರಪಾರಾದ ಅಂಬಾಸಿಡರ್. ಅದರ ಅಚ್ಚು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನದು. ಇನ್ನೊಂದು, ಮುಂಬಯಿ ಕುರ್ಲಾದ ಫಿಯೆಟ್. ಮುಂದೆ ಅದಕ್ಕೇ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬಂದ ಗಾಡಿಯನ್ನು ಮೊದಲು ಮೇಸ್ತ್ರಿಯ ಹತ್ತಿರ ಒಯ್ದು ನಟ್ಟು ಬೋಲ್ಟು ಬಿಗಿಸಬೇಕು. ಪೈಪೋಟಿ ಇಲ್ಲದ ಪೇಟೆಯಲ್ಲಿ ಗಿರಾಕಿಯನ್ನು ಕೇಳುವವರು ಯಾರು?

ಇಂಥ ಹೊತ್ತಿನಲ್ಲಿ ಸರ್ಕಾರಿ ಕಂಪನಿ ಮಾರುತಿ, ಜಪಾನಿನ ಸುಜುಕಿ ಜೊತೆ 1982ರಲ್ಲಿ ಕರಾರು ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಒಡೆಯನ ಕೈಗಿತ್ತರು. ಆ ಮೊದಮೊದಲ ಗಾಡಿಗಳ ಭಾಗಗಳು ಬಹುಪಾಲು ಜಪಾನಿನಿಂದಲೇ ಬಂದಂಥವು. ಚಳಿಯಲ್ಲೂ ಒಂದೇ ಸೆಲ್ಫಿಗೆ ಶುರು! ಅಂಬಾಸಿಡರ್ ತಳ್ಳಿ ತಳ್ಳಿ ಸೋತಿದ್ದ ಜನಕ್ಕೆ ಅದೊಂದು ಪವಾಡ. ಮುಂದೆ ಭಾಗಗಳು ಇಲ್ಲೇ ತಯಾರಾಗತೊಡಗಿದಾಗ “ಮೊದಲಿನ ಜಪಾನ್ ಮಾಲು ಈಗಿಲ್ಲ ಬಿಡ್ರಿ” ಎಂಬ ಗೊಣಗಾಟ ಶುರುವಾಯಿತು. 1985ರಲ್ಲಿ ಬಂದ ಯಮಹಾ ಆರ್.ಎಕ್ಸ್.-100 ಬೈಕಿನ ಕಥೆಯೂ ಅದೇ. ಅದರ ಹಳೇ ಇಂಜಿನ್ನಿಗೆ ‘ಮೇಡ್ ಇನ್ ಜಪಾನ್’ ಎಂದು ಹೇಳಿ ಹುಡುಗರಿಂದ ಹೆಚ್ಚು ಹಣ ಕೀಳುವವರು ಇಂದಿಗೂ ಇದ್ದಾರೆ.

ಅಂದರೆ ಆಗ ದೇಶದ ಹೆಸರಿಗೆ ಅರ್ಥವಿತ್ತು. ಇಂಜಿನ್ ಬಿಚ್ಚಿ ನೋಡಲು ಬಾರದ ಗಿರಾಕಿಗೆ ಅದೊಂದು ಗುರುತು. ಮಂಡಕ್ಕಿ ಚೀಲದ ಮೇಲೆ ಊರ ಹೆಸರು ಕೇಳಿ ಕೊಳ್ಳುವುದಿಲ್ಲವೇ, ಹಾಗೆ. ತೊಂದರೆ ಏನೆಂದರೆ, ಕಾಲ ಬದಲಾಯಿತು, ಗುರುತು ಮಾತ್ರ ಬದಲಾಗಲಿಲ್ಲ.

ನಿನ್ನೆಯ ಕಳಪೆ, ಇಂದಿನ ಕುಲೀನ

ದೇಶದ ಹೆಸರಿನ ಈ ಮಾಯೆ ನಮ್ಮಲ್ಲಿ ಮಾತ್ರ ಇಲ್ಲ. ಲೋಕದಲ್ಲೆಲ್ಲ ಇದೆ.

1887ರಲ್ಲಿ ಬ್ರಿಟನ್ ಒಂದು ಕಾಯ್ದೆ ಮಾಡಿತು. ಹೊರಗಿನಿಂದ ಬರುವ ಮಾಲಿನ ಮೇಲೆ ಅದರ ದೇಶದ ಹೆಸರಿರಬೇಕು ಎಂದು. ಕಾರಣವೇನು? ಜರ್ಮನಿಯ ಅಗ್ಗದ, ನಕಲಿ ಚಾಕು ಕತ್ತರಿಗಳನ್ನು ಜನ ಗುರುತು ಹಿಡಿದು ದೂರವಿಡಲಿ ಎಂದು! ಜರ್ಮನಿಯವರು ಮಾಲು ಸುಧಾರಿಸಿದರು. ಕಳಂಕವೆಂದು ಹಚ್ಚಿದ ‘ಮೇಡ್ ಇನ್ ಜರ್ಮನಿ’ ಕೆಲವೇ ದಶಕಗಳಲ್ಲಿ ಹೆಮ್ಮೆಯ ಮುದ್ರೆಯಾಯಿತು.

ಜಪಾನೇ ನೋಡಿ. ಟೊಯೊಟಾ 1957ರಲ್ಲಿ ಟೊಯೊಪೆಟ್ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿತು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದು ಕಾದು ಏದುಸಿರು ಬಿಟ್ಟಿತು. ಕೆಲವೇ ವರ್ಷದಲ್ಲಿ ಆ ಕಾರಿನ ಮಾರಾಟ ನಿಲ್ಲಿಸಬೇಕಾಯಿತು. ಹ್ಯುಂಡೈ 1986ರಲ್ಲಿ ಅಮೆರಿಕಕ್ಕೆ ಹೋದಾಗಲೂ ಅದೇ ಹಾಡು. ಅಗ್ಗವೆಂದು ಕೊಂಡವರು ರಿಪೇರಿಗೆ ಅಲೆದರು. ಕೊನೆಗೆ 1998ರ ಹೊತ್ತಿಗೆ ಆ ಕಂಪನಿ ಅಲ್ಲಿ ಇಂಜಿನ್-ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಕೊಟ್ಟು ಹೆಸರು ಉಳಿಸಿಕೊಂಡಿತು.

ಅಮೆರಿಕದ ರಾಬರ್ಟ್ ಸ್ಕೂಲರ್ ಎಂಬ ವಿದ್ವಾಂಸ 1965ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಗ್ವಾಟೆಮಾಲಾ ದೇಶದ ವಿದ್ಯಾರ್ಥಿಗಳ ಮುಂದೆ ಒಂದೇ ಬಗೆಯ ಮಾಲಿಟ್ಟು, ಮೇಲೆ ಬೇರೆ ಬೇರೆ ದೇಶದ ಚೀಟಿ ಅಂಟಿಸಿದ. ಮಾಲು ಒಂದೇ ಆದರೂ ಚೀಟಿ ನೋಡಿ ಅವರು ಕೊಟ್ಟ ಅಂಕ ಬೇರೆ ಬೇರೆ!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇಂಥದೇ ನಾಟಕ ನಡೆಯಿತು. ಅಲ್ಲಿನ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೊಟಾ ಸೇರಿ 1984ರಿಂದ ಒಂದೇ ಕಾರ್ಖಾನೆ ನಡೆಸಿದವು. ಅದೇ ಕಾರ್ಮಿಕರು, ಅದೇ ಯಂತ್ರ. ಒಂದು ಕಾರಿಗೆ ‘ಕೊರೊಲಾ’ ಎಂಬ ಜಪಾನಿ ಹೆಸರು, ಅದರ ಜೋಡಿಗೆ ‘ಪ್ರಿಜ್ಮ್’ ಎಂಬ ಅಮೆರಿಕನ್ ಹೆಸರು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೊರೊಲಾಕ್ಕೆ ಬೆಲೆ ಹೆಚ್ಚು, ಪ್ರಿಜ್ಮ್‌ಗೆ ಕಡಿಮೆ. ಬುದ್ಧಿವಂತರು ಸದ್ದಿಲ್ಲದೆ ಪ್ರಿಜ್ಮ್ ಕೊಂಡರು.

ಇತ್ತೀಚಿನ ಮಾತಂತೂ ಇನ್ನೂ ಸ್ವಾರಸ್ಯ. ಗುರುಗ್ರಾಮದಲ್ಲಿ ತಯಾರಾದ ಐದು ಬಾಗಿಲಿನ ಜಿಮ್ನಿಯನ್ನು ಸುಜುಕಿ 2025ರ ಜನವರಿ ಕೊನೆಗೆ ಜಪಾನಿನಲ್ಲಿ ಬಿಡುಗಡೆ ಮಾಡಿತು. ನಾಲ್ಕೇ ದಿನಗಳಲ್ಲಿ ಸುಮಾರು 50,000 ಬುಕಿಂಗ್! ಕಂಪನಿ ಬುಕಿಂಗ್ ನಿಲ್ಲಿಸಬೇಕಾಯಿತು. ಭಾರತದಲ್ಲಿ ತಯಾರಾದ ಗಾಡಿಗೆ ಜಪಾನಿನವ ಸಾಲು ಹಚ್ಚಿದ. ನಮ್ಮವರು ಮಾತ್ರ ಇಲ್ಲಿ ನಿಂತು “ಜಪಾನ್ ಮಾಲೇನ್ರಿ?” ಎಂದು ಕೇಳುತ್ತಿದ್ದಾರೆ.

ಒಂದೇ ಕಾರ್ಖಾನೆ, ಎರಡು ನ್ಯಾಯ

ಈಗ ನಗೆ ಸಾಕು. ನೋವಿನ ವಿಷಯಕ್ಕೆ ಬರೋಣ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುವ ಐದು ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೋ, ಫೋರ್ಡ್ ಫಿಗೊ, ಹ್ಯುಂಡೈ ಐ-10, ಫೋಕ್ಸ್‌ವ್ಯಾಗನ್ ಪೋಲೊ. ಗಾಳಿಚೀಲ ಅಂದರೆ ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾದರಿಗಳವು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಬಂದದ್ದು ಸೊನ್ನೆ ನಕ್ಷತ್ರ! ಜಪಾನ್ ನಂಟಿನ ಕಾರಿಗೂ ಸೊನ್ನೆ, ಅಮೆರಿಕನ್ ಹೆಸರಿಗೂ ಸೊನ್ನೆ, ಕೊರಿಯಾಕ್ಕೂ ಸೊನ್ನೆ, ಜರ್ಮನಿಗೂ ಸೊನ್ನೆ, ದೇಸಿಗೂ ಸೊನ್ನೆ. ಆ ದಿನ ಯಾವ ದೇಶದ ಹೆಸರೂ ಯಾರನ್ನೂ ಕಾಯಲಿಲ್ಲ.

ಪೋಲೊ ಕಾರಿಗೆ ಎರಡು ಏರ್‌ಬ್ಯಾಗ್ ಕೂಡಿಸಿ ಮತ್ತೆ ಗುದ್ದಿಸಿದರು. ನಾಲ್ಕು ನಕ್ಷತ್ರ ಬಂತು! ಅದೇ ಹೆಸರು, ಅದೇ ಪುಣೆ ಹತ್ತಿರದ ಚಾಕಣ ಕಾರ್ಖಾನೆ. ವ್ಯತ್ಯಾಸ ಎರಡು ಚೀಲದ್ದು.

ಐ-10ರ ಕಥೆ ಇನ್ನೂ ಕಹಿ. ಅದೇ ಶ್ರೀಪೆರುಂಬುದೂರಿನಿಂದ ಯುರೋಪಿಗೆ ರಫ್ತಾದ ಐ-10ಕ್ಕೆ 2008ರಲ್ಲಿ ಅಲ್ಲಿನ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಸಿಕ್ಕಿತ್ತು. ಎರಡು ಪರೀಕ್ಷೆಯ ನಿಯಮ ಸ್ವಲ್ಪ ಬೇರೆ, ನಿಜ. ಆದರೂ ಮುಖ್ಯ ಮಾತು ಇದು: ಯುರೋಪಿನ ಗಿರಾಕಿಗೆ ಹೋದ ಗಾಡಿಯಲ್ಲಿ ಏರ್‌ಬ್ಯಾಗ್ ಇತ್ತು. ನಮ್ಮ ಅಗ್ಗದ ಮಾದರಿಯಲ್ಲಿ ಇರಲಿಲ್ಲ. ಯಾಕೆ? ಅಲ್ಲಿನ ಕಾನೂನು ಕೇಳಿತು, ಅಲ್ಲಿನ ಗಿರಾಕಿ ಕೇಳಿದ. ಇಲ್ಲಿ ಯಾರೂ ಕೇಳಲಿಲ್ಲ. ಇಲ್ಲಿನ ಗಿರಾಕಿ ಕೇಳಿದ್ದು ಎರಡೇ ಪ್ರಶ್ನೆ. “ಎಷ್ಟು ಕೊಡ್ತದ?” ಮತ್ತು “ಯಾವ ದೇಶದ್ದು?”

ಕಾರ್ಖಾನೆ ಒಂದೇ, ಕೆಲಸದ ಕೈ ಒಂದೇ. ಕೇಳಿದವನಿಗೆ ಜೀವರಕ್ಷಕ, ಕೇಳದವನಿಗೆ ಬರೀ ತಗಡು. ತಯಾರಾದ ದೇಶದ ಹೆಸರು ಗುಣಮಟ್ಟ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆಮೇಲೆ ಕಣ್ಣು ತೆರೆಯಿತು ಎನ್ನಿ. 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು. ‘ದೇಸಿ’ ಎಂದು ಮೂಗು ಮುರಿಯುತ್ತಿದ್ದ ಹೆಸರು ಅದು! 2019ರ ಜುಲೈಯಿಂದ ಹೊಸ ಕಾರಿನಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ಭಾರತದ್ದೇ ಆದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆ ಜಾರಿಗೆ ಬಂತು. ಆದರೆ ನೆನಪಿರಲಿ, ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅದಕ್ಕೂ ಹಿಂದಿನ, ಏರ್‌ಬ್ಯಾಗ್ ಇಲ್ಲದ ಗಾಡಿಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಭತ್ತದ ಸುಗ್ಗಿಯಲ್ಲಿ ಮಾನ್ವಿ ರಸ್ತೆಗೆ ರಾತ್ರಿ ಹೋಗಿ ಬಂದವರಿಗೆ ಗೊತ್ತು: ಹಿಂದೆ ದೀಪವಿಲ್ಲದ ಟ್ರಾಲಿ ಕತ್ತಲಲ್ಲಿ ಎದುರಾದಾಗ ಬಾನೆಟ್ ಮೇಲಿನ ಲಾಂಛನ ಕೈ ಹಿಡಿಯುವುದಿಲ್ಲ.

ದೇವದುರ್ಗದ ಕ್ರೂಸರ್ ಹೇಳುವ ಪಾಠ

ಗಾಡಿಯಿಂದಲೇ ಹೊಟ್ಟೆ ಹೊರೆಯುವವರು ಮಾತ್ರ ಈ ಮೋಹಕ್ಕೆ ಬೀಳುವುದಿಲ್ಲ. ದೇವದುರ್ಗದಲ್ಲಿ ಹತ್ತಿ ಬಿಡಿಸಲು ಹೋಗುವ ಕೂಲಿಯವರನ್ನು, ಮದುವೆ ದಿಬ್ಬಣವನ್ನು ತುಂಬಿಕೊಂಡು ಹೋಗುವ ಕ್ರೂಸರ್ ನೋಡಿ. ಅದು ಯಾವ ದೇಶದ್ದು ಎಂದು ಯಾವ ಡ್ರೈವರನೂ ಕೇಳುವುದಿಲ್ಲ. ದಿನಾ ಓಡ್ತದಾ? ಸ್ಪೇರ್ ಇಲ್ಲೇ ಸಿಗ್ತದಾ? ನಮ್ಮ ಮೇಸ್ತ್ರಿಗೆ ಬಿಚ್ಚಾಕ್ ಬರ್ತದಾ? ಅವನ ಲೆಕ್ಕ ಇಷ್ಟೇ.

ತಮಾಷೆ ಎಂದರೆ, ನಿಜವಾದ ಜರ್ಮನ್ ರಕ್ತ ಇರುವುದು ಅದರಲ್ಲೇ! ಕ್ರೂಸರ್ ತಯಾರಿಸುವ ಫೋರ್ಸ್ ಮೋಟರ್ಸ್ ಎಂದರೆ ಹಿಂದಿನ ಬಜಾಜ್ ಟೆಂಪೊ. ಅದರ ಡೀಸೆಲ್ ಇಂಜಿನ್ ಮರ್ಸಿಡಿಸ್ ಬೆಂಜ್‌ನ ಹಳೇ ಇಂಜಿನ್ನಿನ ವಂಶದ್ದು. ಅದಕ್ಕೆ ಯಾರೂ ‘ಬೆಂಜ್’ ಎಂದು ಹೆಚ್ಚು ಬೆಲೆ ಕೊಡಲಿಲ್ಲ.

ಆದರೆ ಡ್ರೈವರನ ಲೆಕ್ಕವೂ ಪೂರ್ತಿಯಲ್ಲ. ಗಾಡಿಯಲ್ಲಿ ಕೂತವರ ಜೀವದ ಪ್ರಶ್ನೆ ಅದರಲ್ಲಿಲ್ಲ. ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಹೋಗುವ ಸಂಸಾರಸ್ಥ ಆ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು.

ಆರ್.ಸಿ. ಓದಿ, ಆಮೇಲೆ ಅಡ್ವಾನ್ಸ್ ಕೊಡಿ

ದಲಾಲಿಯ ಬಾಯಿ ಏನೇ ಹೇಳಲಿ, ಗಾಡಿಯ ಜಾತಕ ಚಾಸಿ ನಂಬರಿನಲ್ಲಿದೆ. ಒಟ್ಟು 17 ಅಕ್ಷರ-ಅಂಕಿ. ಆರ್.ಸಿ.ಯಲ್ಲಿ ಇದೆ, ಗಾಡಿಯ ಮೈಮೇಲೂ ಕೆತ್ತಿರುತ್ತಾರೆ. ಮೊದಲಕ್ಷರ ಇಂಗ್ಲಿಷಿನ ‘ಜೆ’ ಇದ್ದರೆ ಜಪಾನ್, ‘ಕೆ’ ಇದ್ದರೆ ಸಾಮಾನ್ಯವಾಗಿ ಕೊರಿಯಾ, ‘ಡಬ್ಲ್ಯು’ ಇದ್ದರೆ ಜರ್ಮನಿ. ‘ಎಂ.ಎ.’ಯಿಂದ ‘ಎಂ.ಇ.’ವರೆಗಿನ ಜೋಡಿಗಳು ಭಾರತದವು. ಮಾರುತಿಯದು ‘ಎಂ.ಎ.3’, ಟಾಟಾದ್ದು ‘ಎಂ.ಎ.ಟಿ.’, ಹ್ಯುಂಡೈಯದು ‘ಎಂ.ಎ.ಎಲ್.’, ಟೊಯೊಟಾ ಕಿರ್ಲೋಸ್ಕರ್‌ದು ‘ಎಂ.ಬಿ.ಜೆ.’ ಕೊನೆಗೆ ‘ಜೆ’ ಇದೆಯೆಂದು ಜಪಾನ್ ಎನ್ನಬೇಡಿ, ಮೊದಲಕ್ಷರ ನೋಡಿ!

“ಪಕ್ಕಾ ಜಪಾನ್” ಎಂದು ಹೆಚ್ಚು ಹಣ ಕೇಳಿದವನಿಗೆ ಆ ‘ಎಂ’ ಅಕ್ಷರದ ಮೇಲೆ ಬೆರಳಿಡಿ. ಬೆಲೆ ತಾನಾಗಿ ಮಾತಿಗೆ ಬರುತ್ತದೆ. ‘ಎಂ’ ಇದೆಯೆಂದು ಗಾಡಿ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಅದು ಹುಟ್ಟಿದ ಜಾಗ ಹೇಳುತ್ತದೆ, ಗುಣ ಹೇಳುವುದಿಲ್ಲ. ಗುಣ ತಿಳಿಯಬೇಕೆಂದರೆ ಬೇರೆ ಪ್ರಶ್ನೆ ಕೇಳಿ.

ಈ ಮಾದರಿಗೆ, ಇದೇ ವರ್ಷದ್ದಕ್ಕೆ, ಎಷ್ಟು ನಕ್ಷತ್ರ? ಏರ್‌ಬ್ಯಾಗ್ ಎಷ್ಟು? ಎ.ಬಿ.ಎಸ್. ಬ್ರೇಕ್ ಇದೆಯೇ? ಆರ್.ಸಿ.ಯಲ್ಲಿ ತಯಾರಾದ ತಿಂಗಳು, ವರ್ಷ ಯಾವುದು? ಸರ್ವೀಸ್ ದಾಖಲೆಯ ಕಿಲೋಮೀಟರಿಗೂ ಮೀಟರಿನಲ್ಲಿ ಕಾಣುವ ಕಿಲೋಮೀಟರಿಗೂ ತಾಳೆ ಇದೆಯೇ? ಮೀಟರ್ ಹಿಂದಕ್ಕೆ ತಿರುಗಿಸುವ ಕೈಚಳಕದವರು ಎಲ್ಲ ಊರಲ್ಲೂ ಇದ್ದಾರೆ. ಗುದ್ದಿ ಬಿಚ್ಚಿಕೊಂಡ ಏರ್‌ಬ್ಯಾಗ್ ಜಾಗಕ್ಕೆ ಬರೀ ಮುಚ್ಚಳ ಕೂಡಿಸಿದ ಗಾಡಿಯೂ ಸಿಕ್ಕೀತು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಕ್ಷಣದಲ್ಲಿ ಆರಬೇಕು. ಹೊತ್ತದಿದ್ದರೂ ಸಂಶಯ, ಆರದಿದ್ದರೂ ಸಂಶಯ. ನಂಬಿಕಸ್ಥ ಮೇಸ್ತ್ರಿಗೆ ನಾಲ್ಕು ನೂರು ಕೊಟ್ಟರೂ ನಷ್ಟವಿಲ್ಲ. ನಾಲ್ಕು ಲಕ್ಷ ಉಳಿದೀತು.

ಕಾರಿಲ್ಲದವರಿಗೂ ಒಂದು ಮಾತು. ಎ.ಸಿ. ಬಸ್ಸಿಗೆಲ್ಲ ‘ವೋಲ್ವೊ’ ಎನ್ನುವುದು ನಮ್ಮ ರೂಢಿ. ಸ್ವೀಡನ್ನಿನ ಹೆಸರಿನ ಆ ಬಸ್ಸು 2001ರಿಂದ ತಯಾರಾದದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಹೊಸಕೋಟೆಯ ಬಸ್ಸನ್ನು ಸ್ವೀಡನ್ನಿನದೆಂದು ತಿಳಿದು ಹೆಚ್ಚಿನ ಟಿಕೆಟ್ ಕೊಟ್ಟವರು ಮೋಸಹೋದರೇ? ಇಲ್ಲ. ಸೀಟು ಚೆನ್ನಾಗಿತ್ತು, ಕುಲುಕಾಟ ಕಡಿಮೆಯಿತ್ತು, ಹೊತ್ತಿಗೆ ಊರು ಮುಟ್ಟಿದರು. ಕೊಟ್ಟ ದುಡ್ಡಿಗೆ ಕೆಲಸ ಬಂತು.

ಸಂಜೆ ರಾಯಚೂರು ನಿಲ್ದಾಣದಲ್ಲಿ ಮಾನ್ವಿ ಬಸ್ಸಿಗೆ, ದೇವದುರ್ಗದ ಬಸ್ಸಿಗೆ ಕಾದು ನಿಂತವರು ಯಾರಾದರೂ ಆ ಬಸ್ಸು ಯಾವ ದೇಶದ್ದೆಂದು ಕೇಳುತ್ತಾರೆಯೇ? “ಎಷ್ಟೊತ್ತಿಗೆ ಬರ್ತದ್ರಿ? ಊರು ಮುಟ್ಟಸ್ತದೇನ್ರಿ?” ಎನ್ನುತ್ತಾರೆ. ಕಾರು ಕೊಳ್ಳುವ ದಿನವೂ ಕೇಳಬೇಕಾದದ್ದು ಅದನ್ನೇ.